ಸತ್ತಂ

ನೇರ ದಾರಿಯಲ್ಲಿ ಏನೂ ಇಲ್ಲ.
ತಾಳವಾಡಿಯಿಂದ ಹಾಸನೂರಿನವರೆಗೆ ಸಾಧು ಹಸುವಿನ ಹಾಗೆ ಬರುತ್ತದೆ.
ದಿಂಬಂ ಇಳಿಯತೊಡಗಿದರೆ,
ಮೊದಲ ತಿರುವು ಸುಮ್ಮನೆ,
ಎರಡನೆಯದರಲ್ಲಿ ಟಿಕ್ ಟಿಕ್ ಟಿಕ್,
ಮುಂದಿನ ಚಕ್ರದೊಳಗೆ ಯಾರೋ ಕೂತು
ಒಣ ಹುರುಳಿಕಾಯಿ ಮುರಿಯುತ್ತಿರುವ ಹಾಗೆ.
ಎಡತಿರುವಿಗೆ ಮಾತ್ರ.
ಲಸಿಕೆ ತರಲು ಸತ್ಯಮಂಗಲಕ್ಕೆ ಇಳಿಯುವಾಗ ಹದಿಮೂರು ಸಲ,
ಹತ್ತುವಾಗ ಹದಿನಾಲ್ಕು.

ನಾನು ದನದ ಡಾಕ್ಟರು.
ಮಾತಾಡದವರ ನೋವು ಹುಡುಕುತ್ತ ಹದಿನಾರು ವರ್ಷ.
ಕುಂಟುವ ಹಸುವನ್ನು ನಡೆಸಿ ನೋಡಬೇಕು:
ನೋವಿನ ಮುಂಗಾಲು ಊರುವಾಗ ತಲೆ ಎತ್ತುತ್ತದೆ,
ಭಾರವನ್ನೆಲ್ಲ ಒಳ್ಳೆಯ ಕಾಲಿಗೆ ಹೊರಿಸುತ್ತದೆ.
ಇಷ್ಟು ಬಲ್ಲವಳಿಗೆ ಒಂದು ಹಳೆ ಆಲ್ಟೊ ಏನು ಮಹಾ?
ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತೆ.
ಎಡಗಡೆ ಟಯರಿನ ಗೆರೆಯಲ್ಲಿ ಜೋಳದ ಕಾಳಿನಷ್ಟು ಕಲ್ಲು.
ಗೊರಸಿನ ಮುಳ್ಳು ತೆಗೆಯುವ ಚಿಮುಟದಲ್ಲೇ ತೆಗೆದು
ಕಾಂಪೌಂಡರ್ ಸಿದ್ದಮಲ್ಲುಗೆ ತೋರಿಸಿದೆ,
ಹಲ್ಲು ಕಿತ್ತವರು ಹಲ್ಲು ತೋರಿಸುವ ಹಾಗೆ.
ಮರುದಿನ ಎರಡನೇ ತಿರುವಿನಲ್ಲಿ ಟಿಕ್.
ಚಕ್ರದ ಕ್ಯಾಪು ಕಿತ್ತು ಹಿಂದಿನ ಸೀಟಿಗೆ ಎಸೆದೆ.
ಅದು ಅಲ್ಲಿ ಬೇರೆಯೇ ಸದ್ದು ಶುರುಮಾಡಿತು.

"ಸತ್ತಂ ಎಂಗೆ?" ಅಂದ ಮೆಕ್ಯಾನಿಕ್ ಆರೋಗ್ಯಸಾಮಿ.
ಅವನ ಮಾತಿನಲ್ಲಿ ಸತ್ತಂ ಅಂದರೆ ಸದ್ದು.
ಇಲ್ಲೇ ಹುಟ್ಟಿದವಳು, ಗೊತ್ತು;
ಆದರೂ ಕಿವಿಗೆ ಮೊದಲು ಬೀಳುವುದು ಸತ್ತದ್ದೇ.

ಬಾನೆಟ್ ಎತ್ತಲಿಲ್ಲ. ಟಯರು ಒದೆಯಲಿಲ್ಲ.
ಸಂತೆ ಮೈದಾನಕ್ಕೆ ಕರೆದುಕೊಂಡು ಹೋಗಿ
"ಲೆಫ್ಟು ಫುಲ್ಲಾ ಒಡಿಂಗ ಮೇಡಂ, ಹಂಗೇ ಸುತ್ತಿ."
ಒಡಿ ಅಂದರೆ ತಿರುಗಿಸು. ಒಡೆಯುವುದಲ್ಲ.
ಗಾಣದೆತ್ತಿನಂತೆ ಸುತ್ತಿದೆ.
ನಟ್ಟನಡುವೆ ನಿಂತು ಅವನು ಕಣ್ಣು ಮುಚ್ಚಿದ್ದ.
"ಬಲದ ಚಕ್ರ."
ಎಡಕ್ಕೆ ತಿರುಗಿದಾಗ ಅಲ್ಲವೇ ಬರುವುದು, ಅಂದೆ.
"ಎಡಕ್ಕೆ ತಿರುಗಿದ್ರೆ ಭಾರ ಯಾರ ಮೇಲೆ ಬೀಳ್ತದೆ?"
ನನ್ನ ಹಸುಗಳ ಪಾಠ, ನನಗೇ.

ಜಾಕಿನ ಮೇಲೆ ಎತ್ತಿದರೆ ಒಳಗೆಲ್ಲ ಗ್ರೀಸು ಸಿಡಿದಿದೆ,
ರಬ್ಬರ್ ಬೂಟು ಹರಿದು ಬಾಯಿ ಬಿಟ್ಟಿದೆ,
ಗುಂಡುಗಳ ನಡುವೆ ಕೆಮ್ಮಣ್ಣು.
ಆಗ ನೆನಪಾಯಿತು ಗೆರ್ಮಾಳದ ದಾರಿ,
ರಾತ್ರಿ, ಎಮ್ಮೆಯೊಂದರ ಅಡ್ಡ ಹೆರಿಗೆ.
ಕೊರಡೊಂದು ಕೆಳಗೆ ಬಡಿದಿತ್ತು. ನಿಲ್ಲಿಸಲಿಲ್ಲ.
ಎಮ್ಮೆ ಉಳಿಯಿತು. ಕರು ಇಲ್ಲ.
"ಹರಿದ ದಿನ ಸತ್ತಂ ಬರಲ್ಲ ಮೇಡಂ.
ಗ್ರೀಸು ಹೋಗಿ, ಮಣ್ಣು ಸೇರಿ,
ತುಂಬ ದಿನ ಆದ ಮೇಲೆ ಬರ್ತದೆ."

ಹೊಸ ಜಾಯಿಂಟು ನಾಲ್ಕು ಗಂಟೆ ಬಸ್ಸಿಗೆ.
ಅಲ್ಲಿಯವರೆಗೆ, ಅಂತ ತಲೆ ಕೆರೆದುಕೊಂಡು
ಶೆಡ್ಡಿನ ಹಿಂದೆ ಕರೆದ.
ರೇಷನ್ ಅಕ್ಕಿ ಮುಕ್ಕಿದ ಮೇಕೆ,
ನಿನ್ನೆಯಿಂದ ಮೆಲುಕಿಲ್ಲ.
ಸ್ಟೆತಾಸ್ಕೋಪು ತೆಗೆದೆ.
ತಿಂಗಳಿಡೀ ಪಕ್ಕದ ಸೀಟಿನಲ್ಲೇ ಇತ್ತು, ನೋಡಿ,
ಒಂದು ಸಲವೂ ಹೊಳೆದಿರಲಿಲ್ಲ.
ಎಡ ಪಕ್ಕೆಗೆ ಒತ್ತಿ ಕೈ ಎತ್ತಿದೆ.
ಹುಡುಗ ಕಂಪ್ರೆಸರ್ ಆರಿಸಿದ.
"ಸತ್ತಂ ಇದೆಯಾ?"
ಒಂದು ನಿಮಿಷ. ಎರಡು.
ಇಲ್ಲ ಎಂದು ತಲೆಯಾಡಿಸಿದೆ.

ಅವನ ಮುಖ ನೋಡಿದೆ ಆಗ.
ಅವನ ಕಸುಬಿನಲ್ಲಿ ಸದ್ದು ನಿಂತರೆ ಕೆಲಸ ಮುಗಿಯಿತು.

ಅಡುಗೆ ಸೋಡಾ ಕಲಸಿ ಕುಡಿಸಿದೆವು,
ಹೊಟ್ಟೆ ನೀವಿದೆವು, ನಡೆಸಿದೆವು.
ಬಸ್ಸು ಬಂತು. ಜಾಯಿಂಟು ಕೂತಿತು.
ಅವನು ನಟ್ಟು ಬಿಗಿಯುತ್ತಿರುವಾಗ ಮತ್ತೊಮ್ಮೆ ಕಿವಿಗಿಟ್ಟೆ:
ಬಹಳ ದೂರದಲ್ಲಿ
ಯಾರೋ ಅರ್ಧ ಮೂಟೆಯನ್ನು ನೆಲದ ಮೇಲೆ ಎಳೆದರು.
ನಿಂತರು.
ಮತ್ತೆ ಎಳೆದರು.
"ಸತ್ತಂ ಬಂತು" ಅಂದೆ.
ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಕೂಲಿ ಬೇಡವೆಂದ.
ಗ್ರೀಸಿನ ಎಂಬತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ಹೋಗುವ ದಾರಿಯಲ್ಲಿ ಮೈದಾನಕ್ಕೆ ಇಳಿಸಿ
ಎಡಕ್ಕೊಂದು ಪೂರ್ತಿ ಸುತ್ತು ಹಾಕಿದೆ.
ಹಿಂದಿನ ಸೀಟಿನಲ್ಲಿ ಕ್ಯಾಪು ಕಟಕಟ ಅಂತಿತ್ತು.
ಇರಲಿ ಅಂತ ಬಿಟ್ಟೆ.